ಗಂಟೆ ಎಲ್ಲಿತ್ತು?

ಬೆಂಗಳೂರಿನಿಂದ ಧಾರವಾಡಕ್ಕೆ ಹಗಲು ರೈಲಿನಲ್ಲೇ ಹೋಗಬೇಕು ಅನ್ನುವವನು ನಾನು. ರಾತ್ರಿ ಬಸ್ಸಿನಲ್ಲಿ ಮಲಗಿ ಹೋದರೆ, ಹಾವೇರಿ ಕಡೆ ಬರುತ್ತಾ ಬರುತ್ತಾ ಕೆಂಪು ಮಣ್ಣು ಕಪ್ಪಾಗುವುದು ಕಾಣುವುದೇ ಇಲ್ಲ. ಈ ಸಲ ಹೋಗಿದ್ದು ಕರ್ನಾಟಕ ಕಾಲೇಜಿಗೆ. ನಮ್ಮದು 1978ರ ಬಿ.ಎ. ಬ್ಯಾಚು. ಎಲ್ಲರೂ ರಿಟೈರ್ ಆದವರು, ಬಿಪಿ ಮಾತ್ರೆ ನುಂಗುವವರು.

ಇಳಿದ ಕೂಡಲೇ ಲಾಡ್ಜಿನಲ್ಲಿ ರಗಳೆ. ಅಡ್ವಾನ್ಸ್ ಕಳಿಸಿ ಹಿಡಿದಿಟ್ಟಿದ್ದ ರೂಮುಗಳನ್ನು ಮದುವೆ ಪಾರ್ಟಿಗೆ ಕೊಟ್ಟುಬಿಟ್ಟಿದ್ದರು. 'ಫೋನ್‌ನ್ಯಾಗ ಹೇಳಿದ್ದಕ್ಕ ಏನ್ ಆಧಾರ ಐತ್ರಿ?' ಅಂತ ನಮ್ಮನ್ನೇ ಕೇಳಿದ ಕೌಂಟರಿನ ಹುಡುಗ. ಮದುವೆ ಸೀಸನ್ನಿನಲ್ಲಿ ಹೋಗುವುದಿದ್ದರೆ ಕೊಟ್ಟ ದುಡ್ಡಿಗೆ ರಸೀತಿ, ರೂಮ್ ನಂಬರ್ ಎರಡನ್ನೂ ಬರೆಸಿಕೊಳ್ಳಿ. ಆ ರಾತ್ರಿ ನಾವು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ಮಲಗಿದೆವು. ಬಸ್ಸೇನೋ ಚೆನ್ನಾಗಿದೆ, ಆದರೆ ಧಾರವಾಡಕ್ಕೆ ಬಂದು ಹುಬ್ಬಳ್ಳಿಯಲ್ಲಿ ಮಲಗುವುದು ಯಾವ ಸುಖ?

ಭಾನುವಾರ ಬೆಳಿಗ್ಗೆ ಕಾಲೇಜು. ಕೋಣೆಗಳಿಗೆಲ್ಲ ಬೀಗ, ನಮಗೆ ಹೊರಗಿನ ಅಡ್ಡಾಟವಷ್ಟೇ. ಗಂಡಸರು ಶುರು ಹಚ್ಚಿಕೊಂಡೆವು. ಗೋಕಾಕರು ಪ್ರಿನ್ಸಿಪಾಲರಾಗಿದ್ದ ಕಾಲೇಜು, ಕಾರ್ನಾಡರು ಓದಿದ ಕಾಲೇಜು ಅಂತ ಮಾಮೂಲಿ ಪಾಠ ಒಪ್ಪಿಸಿದ್ದಾಯಿತು. ಆಮೇಲೆ ಗಂಟೆಯ ಜಗಳ. ಗಂಟೆ ಕಟ್ಟಿದ್ದು ಎಲ್ಲಿ? ಮೆಟ್ಟಿಲ ಹತ್ತಿರ ಅಂತ ಒಬ್ಬ, ಆಫೀಸಿನ ಮುಂದೆ ಅಂತ ಇನ್ನೊಬ್ಬ. 'ಲೇ, ಅದು ರೈಲ್ವೇದವರು ಬಿಟ್ಟು ಹೋದ ಗಂಟಿ' ಅಂದ ಮತ್ತೊಬ್ಬ. ಹಾಗೆ ಹೇಳಲು ಕಾರಣವೂ ಇತ್ತು. ಈ ಕಲ್ಲಿನ ಕಟ್ಟಡವನ್ನು ಕಾಲೇಜಿಗೆಂದು ಕಟ್ಟಿದ್ದಲ್ಲ. ಸದರ್ನ್ ಮರಾಠಾ ರೈಲ್ವೆ ಕಂಪನಿಯ ದೊಡ್ಡ ಆಫೀಸು ಇದು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿತು, ಕಾರಭಾರವೆಲ್ಲ ಮದ್ರಾಸಿಗೆ ಹೋಯಿತು. ಕಾಲೇಜು ಶುರುವಾಗಿದ್ದು 1917ರಲ್ಲಿ. ಆದರೆ ಗಂಟೆ ರೈಲ್ವೆಯದು ಅನ್ನುವುದು ಅವನ ಸ್ವಂತ ಸಂಶೋಧನೆ.

ನಮ್ಮ ಜೊತೆ ಕಲಿತ ಹೆಣ್ಣುಮಕ್ಕಳೂ ಬಂದಿದ್ದರು. ಅವರಲ್ಲಿ ಒಬ್ಬರು ಹಾವೇರಿ ಕಡೆ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಎಲ್ಲರೂ ಅವರನ್ನು ಅಕ್ಕೋರೇ ಅಂತಲೇ ಕರೆಯುತ್ತೇವೆ. ನಾವು ಗಂಡಸರು ಇಂದಿಗೂ 'ಲೇ' ಅಂದುಕೊಳ್ಳುತ್ತೇವೆ, ಅವರ ಜೊತೆ ಮಾತ್ರ ಈಗಲೂ 'ರೀ'.

'ನಿಮಗ ನೆನಪೈತೇನ್ರಿ ಅಕ್ಕೋರೇ, ಗಂಟಿ ಎಲ್ಲಿತ್ತು?' ಅಂದೆ.

'ಎಲ್ಲಿತ್ತೋ ನಮಗೇನ್ ಗೊತ್ರಿ? ನಮಗ ಕೇಳಸ್ತಿತ್ತು ಅಷ್ಟ.'

ಎಲ್ಲರೂ ಸುಮ್ಮನಾದೆವು. ಅವರು ನಕ್ಕರು.

'ನೀವು ಕ್ಯಾಂಪಸ್ ಕ್ಯಾಂಪಸ್ ಅಂತೀರಿ. ನಮ್ಮ ಕ್ಯಾಂಪಸ್ ಅಂದ್ರ ಲೇಡೀಜ್ ರೂಮು. ಗಂಟಿ ಹೊಡೀತಿತ್ತು, ಬಾಗಲಿಗೆ ಬಂದು ನಿಂದರ್ತಿದ್ವಿ. ಸರ್ ಬಂದ ಮ್ಯಾಲೆ ಅವರ ಹಿಂದ ಕ್ಲಾಸಿಗೆ. ಮುಗದ ಮ್ಯಾಲೆ ಅವರ ಹಿಂದ ಹೊರಗ.'

ಹೌದಲ್ಲ! ಸರ್ ಹಿಂದೆ ಸಾಲಾಗಿ ಬಂದು ಮುಂದಿನ ಬೆಂಚಿಗೆ ಕೂರುತ್ತಿದ್ದರು. ದಿನಾ ನೋಡಿದ್ದೇ. ಆದರೆ ಆ ಸಾಲಿನಲ್ಲಿ ನಿಂತರೆ ಏನು ಕಾಣುತ್ತದೆ ಅಂತ ಯಾರು ಯೋಚಿಸಿದ್ದರು?

'ಸರ್‌ಗಳ ಮಾರಿಕಿಂತ ಬೆನ್ನು ನಮಗ ಜಾಸ್ತಿ ನೆನಪದ' ಅಂದರು. 'ಇತಿಹಾಸದ ಸರ್ ಕರಿ ಕೋಟು ಬಗಲ ಕೆಳಗ ಹರದಿತ್ತು. ನೀಲಿ ದಾರದಾಗ ಹೊಲದಿದ್ರು. ಮಳಿಗಾಲದಾಗ ಆ ಹೊಲಿಗಿ ಮತ್ತ ಬಿಚ್ತು. ನಾವು ಸೂಜಿ ದಾರ ತಂದು ರೂಮಿನ್ಯಾಗ ಇಟ್ಕೊಂಡಿದ್ವಿ. ಕೋಟು ಕೊಡ್ರಿ ಸರ್ ಅಂತ ಕೇಳೋ ಧೈರ್ಯ ಯಾರಿಗೂ ಬರಲಿಲ್ಲ.'

ಆ ಸರ್ ಹೇಳಿದ ಜೋಕುಗಳು, ಬೈಗುಳ ಎಲ್ಲ ನಮಗೆ ಬಾಯಿಪಾಠ. ಕೋಟು ಹರಿದಿದ್ದು ನಮ್ಮಲ್ಲಿ ಒಬ್ಬನಿಗೂ ಗೊತ್ತಿಲ್ಲ.

'ಕ್ಯಾಂಟೀನಿಗೆ?' ಅಂತ ಕೇಳಿದ ನಮ್ಮ ಗಂಟೆ ಸಂಶೋಧಕ.

'ಮೂರು ವರ್ಷದಾಗ ಒಮ್ಮೆನೂ ಹೋಗಿಲ್ಲ. ಒಂದಿನ ಪ್ಯೂನ್ ಕೈಲಿ ಚಹಾ ತರಿಸಿದ್ವಿ. ಬರೋದ್ರಾಗ ಆರಿ ತಣ್ಣಗಾಗಿತ್ತು.'

ಆಮೇಲೆ ಗಂಡಸರ ಮಾತು ಕಡಿಮೆಯಾಯಿತು, ಅವರದು ಜಾಸ್ತಿಯಾಯಿತು. ಯಾವ ಕಿಟಕಿಯಿಂದ ಯಾರನ್ನು ನೋಡುತ್ತಿದ್ದರು, ನಮ್ಮಲ್ಲಿ ಯಾರಿಗೆ ಯಾವ ಅಡ್ಡಹೆಸರು ಇಟ್ಟಿದ್ದರು, ಎಲ್ಲ ಹೊರಗೆ ಬಿತ್ತು. ನನ್ನದನ್ನು ಇಲ್ಲಿ ಬರೆಯುವುದಿಲ್ಲ.

ಮಧ್ಯಾಹ್ನ ಸಾಧನಕೇರಿ, ಬೇಂದ್ರೆಯವರ ಮನೆ, ಲೈನ್ ಬಜಾರಿನ ಪೇಡೆ. ಪೇಡೆಯನ್ನು ಅಲ್ಲೇ ನಿಂತು ತಿನ್ನಬೇಕು. ಬೆಂಗಳೂರಿನಲ್ಲಿ ಧಾರವಾಡ ಪೇಡೆ ಅಂತ ಡಬ್ಬದಲ್ಲಿ ಸಿಗುವುದು ಬರೀ ಸಕ್ಕರೆ. ಗಿರಮಿಟ್ಟು, ಮಿರ್ಚಿ ಎದುರಿಗಿಟ್ಟುಕೊಂಡು ಮುಂದಿನ ಸಲದ ಮಾತು ಬಂತು. ಮತ್ತೆ ಭಾನುವಾರವೇ ಅನುಕೂಲ ಅಂತ ನಾವು ಅನ್ನುತ್ತಿದ್ದೆವು.

'ಭಾನುವಾರ ಬ್ಯಾಡ' ಅಂದರು ಅಕ್ಕೋರು. 'ಸೋಮವಾರ ಬರೋಣು. ಕ್ಯಾಂಟೀನ್ ತೆರೆದಿರ್ತದ. ಬಿಲ್ಲು ನೀವು ಕೊಡ್ರಿ.'