ಚಾರ್ಟ್‌ನಲ್ಲಿ 16, ಬೆನ್ನಲ್ಲಿ ಕಪ್ಪು ಕಲೆ

ವಿಜಯಪುರದ ಒಂದು ಐಸಿಯುನಲ್ಲಿ ನಾನು ಸ್ಟಾಫ್ ನರ್ಸ್. ಗಂಡಸಾದ್ದರಿಂದ ಎಲ್ಲರಿಗೂ ‘ಬ್ರದರ್’. ಬೆಡ್ ಸೋರ್, ಅಂದರೆ ಮಲಗಿದಲ್ಲೇ ಮಲಗಿ ಒತ್ತಡಕ್ಕೆ ಆಗುವ ಹುಣ್ಣು, ಮುದುಕರಿಗೆ, ಎಲುಬು ಕಾಣುವಷ್ಟು ಸೊರಗಿದವರಿಗೆ, ತಿಂಗಳುಗಟ್ಟಲೆ ಮಲಗಿದವರಿಗೆ ಬರುವುದು ಅಂತ ನಾನೂ ಅಂದುಕೊಂಡಿದ್ದೆ. ಇಂಡಿ ಕಡೆಯ ಒಬ್ಬ ರೈತರು ಅದನ್ನು ಬಿಡಿಸಿದರು. 52 ವರ್ಷ, ನಿಂಬೆ ತೋಟದಲ್ಲಿ ದುಡಿದ ಗಟ್ಟಿ ಮೈ. ಅಡ್ಮಿಟ್ ಆದ ನಾಲ್ಕನೇ ದಿನ ಬೆನ್ನಿನ ಬುಡದಲ್ಲಿ ಅಂಗೈ ಅಗಲದ ಕಲೆ.

ಶುಗರ್ ಇತ್ತು. ಕಾಲಿನ ಗಾಯ ಕೀವಾಗಿ, ಸೋಂಕು ರಕ್ತಕ್ಕೆ ಸೇರಿತ್ತು. ಆದರೂ ಬಂದಾಗ ಮಾತಾಡುತ್ತಿದ್ದರು. ತೋಟಕ್ಕೆ ನೀರು ಯಾರು ಬಿಡ್ತಾರೆ ಅನ್ನುವುದೇ ಅವರ ಚಿಂತೆ. ಬೆಡ್ ಸೋರ್ ಆಗುವ ಅಪಾಯ ಎಷ್ಟಿದೆ ಅಂತ ಅಳೆಯುವ ಬ್ರೇಡನ್ ಸ್ಕೋರ್ ಹಾಕಿದೆ. 1987ರಲ್ಲಿ ಬಂದ ಈ ಪಟ್ಟಿಯಲ್ಲಿ ಆರು ವಿಷಯ ನೋಡುತ್ತೇವೆ: ನೋವು ಗೊತ್ತಾಗುತ್ತದೆಯೇ, ಚರ್ಮ ಎಷ್ಟು ಒದ್ದೆ, ಎದ್ದು ಓಡಾಡುತ್ತಾರೆಯೇ, ಮಲಗಿದಲ್ಲೇ ಹೊರಳುತ್ತಾರೆಯೇ, ಊಟ ಹೇಗಿದೆ, ಮೈ ಹಾಸಿಗೆಗೆ ಎಷ್ಟು ಉಜ್ಜುತ್ತದೆ. ಒಟ್ಟು 6ರಿಂದ 23. ಕಡಿಮೆಯಾದಷ್ಟೂ ಅಪಾಯ. 18 ಅಥವಾ ಅದಕ್ಕಿಂತ ಕೆಳಗಿದ್ದರೆ ಎಚ್ಚರ ಇರಬೇಕು. ಅವರಿಗೆ 16 ಬಂತು.

ಅದೇ ರಾತ್ರಿ ಬಿಪಿ ಬಿತ್ತು. ಟ್ಯೂಬ್ ಹಾಕಿದರು, ವೆಂಟಿಲೇಟರ್ ಶುರುವಾಯಿತು, ಬಿಪಿ ಎತ್ತಲು ಕೊಡುವ ನಾರ್‌ಅಡ್ರಿನಲಿನ್ ಡ್ರಿಪ್ ಏರುತ್ತಾ ಹೋಯಿತು. ಚಾರ್ಟ್‌ನಲ್ಲಿ ಮಾತ್ರ 16 ಹಾಗೇ ಉಳಿಯಿತು. ಬೆಳಗಿನವರು ರಾತ್ರಿಯದನ್ನು ನೋಡಿ ಬರೆದರು, ಮಧ್ಯಾಹ್ನದವರು ಬೆಳಗಿನದನ್ನು. ಮರುದಿನ ಡ್ಯೂಟಿಗೆ ಬಂದ ನಾನೂ ಅದನ್ನೇ ಬರೆದೆ. ಮತ್ತೆ ಲೆಕ್ಕ ಹಾಕಿದ್ದರೆ 10 ದಾಟುತ್ತಿರಲಿಲ್ಲ.

ಎರಡು ಗಂಟೆಗೊಮ್ಮೆ ಹೊರಳಿಸಬೇಕು ಅನ್ನುವುದು ನಮಗೆ ಪಾಠವಾಗಿ ಗೊತ್ತು. ಆವತ್ತು ಎಡಕ್ಕೆ ಹೊರಳಿಸಿದ ಕೂಡಲೇ ಬಿಪಿ 70ಕ್ಕೆ ಇಳಿಯಿತು. ಹೆದರಿ ಅಂಗಾತ ಮಲಗಿಸಿದೆವು. ‘ಸ್ವಲ್ಪ ಸ್ಟೇಬಲ್ ಆಗಲಿ, ಆಮೇಲೆ ಹೊರಳಿಸೋಣ’ ಅಂದೆವು. ಆ ಆಮೇಲೆ ಬೆಳಗಿನ ತನಕ ಬರಲಿಲ್ಲ.

ಈಗ ಯೋಚಿಸಿದರೆ ಎಲ್ಲ ಅಪಾಯವೂ ಅಂಗೈ ಅಗಲದ ಆ ಒಂದೇ ಜಾಗಕ್ಕೆ ಬಂದು ಕೂತಿತ್ತು. ನಾರ್‌ಅಡ್ರಿನಲಿನ್ ಜೀವ ಉಳಿಸುತ್ತದೆ, ನಿಜ. ಆದರೆ ಅದು ರಕ್ತನಾಳ ಬಿಗಿ ಮಾಡಿ ಬಿಪಿ ಏರಿಸುವ ಔಷಧ. ಆ ಬಿಗಿತದಲ್ಲಿ ಚರ್ಮಕ್ಕೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ಮೊದಲೇ ರಕ್ತ ಕಡಿಮೆ. ವೆಂಟಿಲೇಟರ್‌ನಲ್ಲಿ ಇದ್ದವರಿಗೆ ನ್ಯುಮೋನಿಯಾ ಆಗಬಾರದು ಅಂತ ತಲೆ ಕಡೆ 30 ಡಿಗ್ರಿ ಎತ್ತಿರುತ್ತೇವೆ. ಪೇಷಂಟ್ ನಿಧಾನಕ್ಕೆ ಕೆಳಗೆ ಜಾರುತ್ತಾರೆ. ಚರ್ಮ ಬೆಡ್‌ಶೀಟಿಗೆ ಅಂಟಿಕೊಂಡು ನಿಲ್ಲುತ್ತದೆ, ಒಳಗಿನ ಎಲುಬು ಮಾತ್ರ ಸರಿಯುತ್ತದೆ. ಮಾಂಸ ಎರಡರ ನಡುವೆ ಜಗ್ಗಿ ಹಾಳಾಗುತ್ತದೆ. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಇದರ ಜೊತೆ ಲೂಸ್ ಮೋಷನ್, ಒದ್ದೆ ಡೈಪರ್. ನಿದ್ದೆ ಔಷಧ ಬೇರೆ, ಉರಿಯುತ್ತಿದೆ ಅಂತ ಹೇಳುವವರು ಯಾರು?

ಬ್ರೇಡನ್ ಪಟ್ಟಿ ಬಿಪಿಯನ್ನಾಗಲಿ, ಈ ಡ್ರಿಪ್ ಅನ್ನಾಗಲಿ ಕೇಳುವುದೇ ಇಲ್ಲ. ಐಸಿಯುಗೆಂದೇ ಮಾಡಿದ ಜಾಕ್ಸನ್-ಕಬ್ಬಿನ್ ಪಟ್ಟಿ ಇದೆ. ಅದು ರಕ್ತ ಸಂಚಾರ, ಉಸಿರಾಟ, ಆಕ್ಸಿಜನ್ ಎಲ್ಲವನ್ನೂ ಕೇಳುತ್ತದೆ. ಆದರೆ ಯಾವ ಪಟ್ಟಿಯಾದರೇನು, ನೋಡಿ ನಕಲು ಮಾಡುವವರಿಗೆ ಎಲ್ಲವೂ ಒಂದೇ.

ಕಲೆ ಕಂಡುಹಿಡಿದದ್ದು ನಾನಲ್ಲ. ನಮ್ಮ ಆಯಾ. ನಾವೆಲ್ಲ ‘ಅಕ್ಕಾ’ ಅಂತಲೇ ಕರೆಯುತ್ತೇವೆ. ಡೈಪರ್ ಬದಲಿಸುತ್ತಿದ್ದವರು ನಿಂತುಬಿಟ್ಟರು.

‘ಬ್ರದರ್, ಇಲ್ಲೊಮ್ಮೆ ಮುಟ್ಟಿ ನೋಡ್ರಿ. ಕಣಕ ಮುಟ್ಟಿದಂಗ ಆಗತೈತಿ.’

ನಾನು ಬಗ್ಗಿ ನೋಡಿದೆ. ಅವರದು ಕಪ್ಪು ಮೈ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಸ್ವಲ್ಪ ಗಾಢವಾಗಿ ಕಂಡಿತು, ಅಷ್ಟೇ. ಮುಟ್ಟಿದಾಗ ಗೊತ್ತಾಯಿತು. ಸುತ್ತಲಿನ ಚರ್ಮ ಗಟ್ಟಿ, ಅಲ್ಲಿ ಮಾತ್ರ ಮೆತ್ತಗೆ, ಬೆಚ್ಚಗೆ. ನಾವು ಓದಿದ ಪುಸ್ತಕದ ಚಿತ್ರಗಳೆಲ್ಲ ಬೆಳ್ಳನೆ ಮೈಯವು. ಕೆಂಪಾದ ಜಾಗ ಬೆರಳಿನಿಂದ ಒತ್ತಿದರೂ ಬಿಳಿಯಾಗದಿದ್ದರೆ ಮೊದಲ ಹಂತ ಅಂತ ಕಲಿತಿದ್ದೆವು. ನಮ್ಮೂರಿನ ಬಿಸಿಲಿಗೆ ಬೆಂದ ಬೆನ್ನಲ್ಲಿ ಆ ಕೆಂಪು ಎಲ್ಲಿ ಕಾಣಬೇಕು!

ಒಳಗಿನ ಮಾಂಸಕ್ಕೆ ಆದ ಪೆಟ್ಟು ಚರ್ಮದ ಮೇಲೆ ಕಾಣಲು ಎರಡು ಮೂರು ದಿನ ಬೇಕು. ಹಿಂದಕ್ಕೆ ಎಣಿಸಿದೆ. ನೇರ ಬಿಪಿ ಬಿದ್ದ ಆ ರಾತ್ರಿಗೇ ಬಂದು ನಿಂತಿತು. ಆಮೇಲಿನ ಎರಡೂ ದಿನ ನಾನು ‘ಸ್ಕಿನ್ ಇಂಟ್ಯಾಕ್ಟ್’, ಚರ್ಮಕ್ಕೆ ಏನೂ ಆಗಿಲ್ಲ ಅಂತ ಬರೆದು ಸಹಿ ಹಾಕಿದ್ದೆ.

ಸಂಜೆ ಮಗ ಕೇಳಿದ: ‘ದವಾಖಾನಿಗೆ ಬರಾಗ ಅಪ್ಪನ ಬೆನ್ನು ಚೊಲೊ ಇತ್ತಲ್ರೀ?’ ಇತ್ತು ಅಂದೆ. ಬೇರೆ ಏನು ಹೇಳಲಿ?

ಪೂರ್ತಿ ತಪ್ಪಿಸಬಹುದಿತ್ತಾ? ಅಷ್ಟು ಕೆಟ್ಟ ಸ್ಥಿತಿಯಲ್ಲಿ ಎಷ್ಟೇ ನೋಡಿಕೊಂಡರೂ ಕೆಲವರಿಗೆ ಆಗುತ್ತದೆ. ಆದರೆ ನಾವು ಪ್ರಯತ್ನವನ್ನೇ ಬಿಟ್ಟಿದ್ದೆವು. ಈಗ ಬಿಪಿ ಬಿದ್ದರೂ ಪೂರ್ತಿ ಕೈಬಿಡುವುದಿಲ್ಲ. ಡಾಕ್ಟರನ್ನು ಕೇಳಿ, ಒಂದು ಬದಿಗೆ ದಿಂಬು ತುರುಕಿ ಸ್ವಲ್ಪವೇ ವಾಲಿಸುತ್ತೇವೆ. ಹತ್ತು ನಿಮಿಷ ಮಾನಿಟರ್ ನೋಡುತ್ತಾ ಕಾಯುತ್ತೇವೆ. ಎಷ್ಟೋ ಸಲ ಬಿಪಿ ತಾನಾಗಿ ಮೇಲೆ ಬರುತ್ತದೆ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಇಡುವುದಕ್ಕಂತೂ ಬಿಪಿ ಅಡ್ಡ ಬರುವುದಿಲ್ಲ. ಡ್ರಿಪ್ ಶುರುವಾದರೆ, ಟ್ಯೂಬ್ ಹಾಕಿದರೆ, ಸ್ಕೋರ್ ಹೊಸದಾಗಿ.

ಏರ್ ಬೆಡ್ ಇದೆಯಲ್ಲ, ಮತ್ಯಾಕೆ ಹೊರಳಿಸಬೇಕು ಅನ್ನುವವರು ನಮ್ಮಲ್ಲೇ ಇದ್ದಾರೆ. ಅದರ ಪಂಪಿನ ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕಿದ್ದನ್ನೂ ನೋಡಿದ್ದೇನೆ. ಸಂಬಂಧಿಕರು ಪ್ರೀತಿಯಿಂದ ಮೆಡಿಕಲ್ ಶಾಪಿನಿಂದ ಗಾಳಿ ತುಂಬುವ ರಬ್ಬರ್ ರಿಂಗ್ ತರುತ್ತಾರೆ. ಅದು ಸುತ್ತಲೂ ಒತ್ತಿ ನಡುವಿನ ಜಾಗದ ರಕ್ತವನ್ನೇ ತಡೆಯುತ್ತದೆ, ವಾಪಸ್ ಕೊಟ್ಟು ಬನ್ನಿ ಅನ್ನುತ್ತೇನೆ. ಬಣ್ಣ ತಿರುಗಿದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ. ಒಳಗೆ ಇನ್ನಷ್ಟು ಹಾಳಾಗುತ್ತದೆ.

ಆ ರೈತರು ಬದುಕಿದರು. ಗಾಯ ಇಟ್ಟುಕೊಂಡೇ ಮನೆಗೆ ಹೋದರು. ಡ್ರೆಸಿಂಗ್ ಮಾಡುವುದನ್ನು ಮಗನಿಗೆ ನಾನೇ ಕೂತು ಕಲಿಸಿದೆ.

ಪೇಷಂಟ್‌ನ ಮೈಯನ್ನು ನಮಗಿಂತ ಜಾಸ್ತಿ ನೋಡುವುದು ಆಯಾಗಳು. ಶಿಫ್ಟ್ ಬದಲಾಗುವಾಗ ಪೇಷಂಟ್ ವಿವರ ಒಪ್ಪಿಸುವ ಹ್ಯಾಂಡೋವರ್ ಹೊತ್ತಿನಲ್ಲಿ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಈಗ ನನ್ನ ಶಿಫ್ಟ್‌ನಲ್ಲಿ ಅಕ್ಕನನ್ನೂ ಬೆಡ್ ಹತ್ತಿರ ಕರೆಯುತ್ತೇನೆ. ಮೊದಮೊದಲು ಸಂಕೋಚದಿಂದ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಮೊನ್ನೆ ನಾನು ‘ಸ್ಕಿನ್ ಓಕೆ’ ಅಂದೆ, ಪೆನ್ ಇನ್ನೂ ಕೈಯಲ್ಲೇ ಇತ್ತು.

‘ಆಕ್ಸಿಜನ್ ಪೈಪ್ ಐತಲ್ರಿ, ಎಡಗಿವಿ ಹಿಂದ ನೋಡೀರೇನು?’ ಅಂದರು.

ನೋಡಿರಲಿಲ್ಲ.