ಎಮಿನೆಮ್ ಇಲ್ಲದಿದ್ದರೆ ಡಿ12 ಹಾಡುಗಳನ್ನು ಯಾರು ಕೇಳುತ್ತಿದ್ದರು?

ಹಿಪ್-ಹಾಪ್ ಬಗ್ಗೆ ನಾನು ಬಾಯಿ ಬಿಟ್ಟರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ಹತ್ತಿರ ಉತ್ತರವೂ ರೆಡಿ ಇರುತ್ತದೆ: ರ‍್ಯಾಪರ್ ಎಮಿನೆಮ್ ಗೆದ್ದ, ಅಮೆರಿಕದ ಡೆಟ್ರಾಯಿಟ್ ಊರಿನ ಹಳೇ ಗೆಳೆಯರ ಗುಂಪು ಡಿ12 ಅನ್ನು ಜೊತೆಗೆ ಕಟ್ಟಿಕೊಂಡು ಬಂದ, ಅವರಿಗೂ ಒಂದಿಷ್ಟು ಹೆಸರು ಸಿಕ್ಕಿತು. ಅಷ್ಟೇ ಅಲ್ವಾ?

ಮಾರಾಟದ ಮಟ್ಟಿಗೆ ಹೌದು. 2000ರಲ್ಲಿ ಎಮಿನೆಮ್‌ನ ಆಲ್ಬಂ ಅಮೆರಿಕದಲ್ಲಿ ಮೊದಲ ವಾರವೇ 17 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಗಿತ್ತು. ಮರುವರ್ಷ ಜೂನ್‌ನಲ್ಲಿ ಅವನದೇ ಲೇಬಲ್ (ಹಾಡು ಹೊರತರುವ ಕಂಪನಿ) ಶೇಡಿ ರೆಕಾರ್ಡ್ಸ್‌ನಿಂದ ಡಿ12ರ ಮೊದಲ ಆಲ್ಬಂ 'ಡೆವಿಲ್ಸ್ ನೈಟ್' ಬಂತು. ಬಂದದ್ದೇ ತಡ, ಅಮೆರಿಕದ ಆಲ್ಬಂ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ ಕೂತಿತು. ಹೊಸ ಗುಂಪಿಗೆ ಸುಮ್ನೆ ಹೀಗೆಲ್ಲ ಆಗುವುದಿಲ್ಲ.

ಆದರೆ ಕಥೆ ಶುರುವಾಗುವುದು 1996ರ ಸುಮಾರಿಗೆ. ಆಗ ಎಮಿನೆಮ್ ಹೆಸರು ಅವನ ಊರಿನಾಚೆ ಯಾರಿಗೂ ಗೊತ್ತಿರಲಿಲ್ಲ. ಡೆಟ್ರಾಯಿಟ್‌ನಲ್ಲಿ ಹಿಪ್ ಹಾಪ್ ಶಾಪ್ ಎಂಬ ಬಟ್ಟೆ ಅಂಗಡಿ ಇತ್ತು. ಶನಿವಾರ ಅಲ್ಲಿ ಹುಡುಗರು ಮೈಕ್ ಹಿಡಿದು ಒಬ್ಬರನ್ನೊಬ್ಬರು ಪ್ರಾಸದಲ್ಲೇ ಬೈದುಕೊಳ್ಳುತ್ತಿದ್ದರು. ಆ ಬ್ಯಾಟಲ್‌ಗಳನ್ನು ನಡೆಸುತ್ತಿದ್ದವನು ಪ್ರೂಫ್ ಎಂಬ ರ‍್ಯಾಪರ್. ಆ ಊರಿನ ರ‍್ಯಾಪರ್‌ಗಳೆಲ್ಲ ಅವನಿಗೆ ಗೊತ್ತು. ಬಿಳಿ ಹುಡುಗ ಎಮಿನೆಮ್‌ನನ್ನು ಆ ಮೈಕಿನ ಮುಂದೆ ನಿಲ್ಲಿಸಿದವನೂ ಅವನೇ. ಡಿ12 ಕಟ್ಟುವುದರಲ್ಲೂ ಅವನೇ ಮುಂದು.

ಗುಂಪಿಗೆ ಒಂದು ವಿಚಿತ್ರ ನಿಯಮವಿತ್ತು. ಇರುವುದು ಆರು ಜನ. ಪ್ರತಿಯೊಬ್ಬನಿಗೂ ಇನ್ನೊಂದು ವೇಷ, ಇನ್ನೊಂದು ಹೆಸರು ಬೇಕು. ಹಾಗಾಗಿ ಡಿ12ರ ಹೆಸರಿನಲ್ಲಿ ಹನ್ನೆರಡು. ಎಮಿನೆಮ್ ಹುಡುಕಿಕೊಂಡ ಎರಡನೆಯ ಹೆಸರು ಸ್ಲಿಮ್ ಶೇಡಿ. 1999ರಲ್ಲಿ ಅವನನ್ನು ಜಗತ್ತಿನ ಮುಂದೆ ತಂದದ್ದು ಇದೇ ತುಂಟ, ತಲೆಕೆಟ್ಟ ವೇಷ! ಗುಂಪಿನ ಆಟಕ್ಕೆಂದು ಹುಟ್ಟಿದ ಪಾತ್ರ ಅವನ ಹಣೆಬರಹ ಬದಲಿಸಿತು. ಅವನು ಗೆಳೆಯರಿಗೆ ಉಪಕಾರ ಮಾಡಿದ ಅನ್ನುವವರು ಈ ಸಾಲದ ಲೆಕ್ಕ ಹಿಡಿಯುವುದೇ ಇಲ್ಲ.

ಮೊದಲು ಗೆದ್ದವನು ಉಳಿದವರಿಗಾಗಿ ವಾಪಸ್ ಬರಬೇಕು ಅಂತ ಅವರ ನಡುವೆ ಮಾತೂ ಆಗಿತ್ತು. ಅವನು ಬಂದ. ಆದರೆ ಅಷ್ಟರಲ್ಲಿ ಗುಂಪಿನ ಬಗ್ಜ್ ಇರಲಿಲ್ಲ. 1999ರಲ್ಲೇ ಗುಂಡೇಟಿಗೆ ಬಲಿಯಾಗಿದ್ದ. ಅವನ ಜಾಗಕ್ಕೆ ಸ್ವಿಫ್ಟ್ ಬಂದ.

ತಮಾಷೆ ಅಂದರೆ, ಎಮಿನೆಮ್ ಇಲ್ಲದಿದ್ದರೆ ಎಂಬ ಈ ಪ್ರಶ್ನೆ ಡಿ12 ಹುಡುಗರಿಗೂ ಸಾಕುಬೇಕಾಗಿತ್ತು. 2004ರ 'ಮೈ ಬ್ಯಾಂಡ್' ಪೂರ್ತಿ ಇದರದ್ದೇ ಗೇಲಿ. ಎಮಿನೆಮ್ ಜಂಭದ ಸ್ಟಾರ್, ಮಿಕ್ಕವರು ಹಿಂದೆ ನಿಂತು ಹೊಟ್ಟೆ ಉರಿದುಕೊಳ್ಳುವವರು. ನನಗೆ ಅವರ ಹಾಡುಗಳಲ್ಲೇ ಇದು ಹೆಚ್ಚು ಇಷ್ಟ. ಆ ವರ್ಷದ ಆಲ್ಬಂ ಕೂಡ ಮೊದಲ ಸ್ಥಾನಕ್ಕೇ ಹೋಯಿತು.

2006ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನ 8 ಮೈಲ್ ರಸ್ತೆಯ ಕ್ಲಬ್ಬೊಂದರಲ್ಲಿ ಪ್ರೂಫ್ ಗುಂಡೇಟಿಗೆ ಸತ್ತ. ಆಮೇಲೂ ಲೇಬಲ್ ಇತ್ತು, ದುಡ್ಡಿತ್ತು, ಎಮಿನೆಮ್ ಇದ್ದ. ಕೆಲವು ಮಿಕ್ಸ್‌ಟೇಪ್‌ಗಳು (ಪೂರ್ಣ ಆಲ್ಬಂ ಅಲ್ಲದ ಹಾಡಿನ ಸಂಗ್ರಹಗಳು) ಬಂದವು. ಮೂರನೆಯ ಆಲ್ಬಂ ಮಾತ್ರ ಬರಲಿಲ್ಲ. 2018ರಲ್ಲಿ ಡಿ12 ಮುಗಿಯಿತು ಅಂತ ಎಮಿನೆಮ್‌ನೇ ಒಂದು ಹಾಡಿನಲ್ಲಿ ಹೇಳಿದ.