ತಾತನ ಡಿಸ್ಚಾರ್ಜ್ ಬುಕ್ಕು

ಎರಡನೇ ಮಹಾಯುದ್ಧಕ್ಕೆ ಹೋಗಿಬಂದು ಪಿಂಚಣಿ ಇಲ್ಲದೆ ಉಳಿದವರಿಗೆ ಸರ್ಕಾರ ತಿಂಗಳಿಗಿಷ್ಟು ಅಂತ ಸಹಾಯಧನ ಕೊಡುತ್ತೆ ಅಂತ ಯಾರೋ ಹೇಳಿದರು. ತಾತನನ್ನು ಕಚೇರಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಆಗ ನಾನು ಡಿಗ್ರಿ ಓದುತ್ತಿದ್ದೆ.

ತಾತ ಹಾಸನದ ಕಡೆಯ ಕೂಲಿ. ಆಲೂಗಡ್ಡೆ ಅಗೆಯೋದು, ರಾಗಿ ಕೊಯ್ಯೋದು, ಬಾವಿ ತೋಡೋದು, ಎಲ್ಲ ಬೇರೆಯವರ ಜಮೀನಿನಲ್ಲಿ. ನಡುವೆ ಮೂರು ವರ್ಷ ಮಾತ್ರ ಮಿಲ್ಟ್ರಿ. ದೇಶಕ್ಕಾಗಿ ಹೋದೆ ಅಂತ ಅವರು ಯಾವತ್ತೂ ಹೇಳಿದವರಲ್ಲ. ಮನೆ ತುಂಬಾ ಮಕ್ಕಳು, ಅಲ್ಲಿ ಹೋದರೆ ಹೊಟ್ಟೆತುಂಬ ಊಟ, ಅಷ್ಟೇ. ಆ ಯುದ್ಧದ ಹೊತ್ತಿಗೆ ಸೇನೆಯಲ್ಲಿದ್ದ ಸುಮಾರು 25 ಲಕ್ಷ ಭಾರತೀಯರಲ್ಲಿ ಎಷ್ಟೋ ಜನ ಹೊಟ್ಟೆಪಾಡಿಗೇ ಹೋದವರು, ಅದರಲ್ಲಿ ಮುಚ್ಚಿಡೋದೇನಿದೆ?

ಅರಸೀಕೆರೆಯಲ್ಲಿ ರೈಲು ಹತ್ತಿ, ಆಗ ಸೇತುವೆಯೇ ಇಲ್ಲದ ಬ್ರಹ್ಮಪುತ್ರವನ್ನು ದೋಣಿಯಲ್ಲಿ ದಾಟಿ, ದಿಮಾಪುರ ಸೇರಿದ್ದರಂತೆ. ಹಾಕಿದ್ದು ಪಯೋನಿಯರ್ ದಳಕ್ಕೆ. ಕೊಹಿಮಾ, ಇಂಫಾಲ ಕಡೆಗೆ ಹೋಗುವ ಒಂದೇ ರಸ್ತೆ ಮಳೆಗೆ ಕುಸಿದಾಗೆಲ್ಲ ಮಣ್ಣು ಎತ್ತಬೇಕು, ಕಲ್ಲು ಹೊರಬೇಕು. 1944ರಲ್ಲಿ ಜಪಾನಿನವರು ಆ ರಸ್ತೆಯನ್ನೇ ಕತ್ತರಿಸಿ ಕೂತಿದ್ದರು, ಜೂನ್ 22ಕ್ಕೆ ಮತ್ತೆ ತೆರೆಯಿತು. ಇದೆಲ್ಲ ನಾನು ಓದಿ ತಿಳಿದದ್ದು. ತಾತ ಹೇಳುತ್ತಿದ್ದದ್ದು ಮಲೇರಿಯಾ ಮಾತ್ರೆಯ ಕಥೆ. ದಿನಾ ನುಂಗಿ ನುಂಗಿ ಮೈಯೆಲ್ಲ ಅರಿಶಿನ ಹಚ್ಚಿದ ಹಾಗೆ ಹಳದಿಯಾಗಿತ್ತಂತೆ.

ಕಚೇರಿಯಲ್ಲಿ ಗುಮಾಸ್ತ, ಮಿಲ್ಟ್ರಿಯಿಂದ ಬಿಡುಗಡೆ ಮಾಡುವಾಗ ತಾತನಿಗೆ ಕೊಟ್ಟಿದ್ದ, ಈಗ ಹುಳ ತಿಂದ ಡಿಸ್ಚಾರ್ಜ್ ಬುಕ್ಕು ತಿರುವಿ ಹಾಕಿದ.

"ಯಾವ ಫ್ರಂಟಲ್ಲಿ ಫೈಟ್ ಮಾಡಿದ್ರಿ ಅಜ್ಜ?"

"ರೋಡ್ ಕೆಲ್ಸ ಸ್ವಾಮಿ. ಗುಡ್ಡ ಕಡಿಯೋದು."

"ಅದು ಕೂಲಿ ಆಯ್ತಲ್ಲ!" ಅಂತ ನಕ್ಕ. ಪಕ್ಕದ ಮೇಜಿನವನೂ ನಕ್ಕ.

ನನಗೆ ಮೈ ಉರಿಯಿತು, ಆದರೆ ನಾನು ಬಾಯಿ ತೆರೆಯುವ ಮೊದಲೇ ತಾತ ಎದ್ದು ನಿಂತು, ಸಹಿ ಹಾಕೋಕೂ ಬಾರದ ಮನುಷ್ಯ, ತಮ್ಮ ಮಿಲ್ಟ್ರಿ ನಂಬರನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಂಕಿಯಾಗಿ ಹೇಳಿದರು. "ಬುಕ್ಕಲ್ಲಿ ನೋಡ್ಕಳಿ, ಸರಿ ಐತಾ? ಕೂಲಿಗೆ ಹೋದ್ರೆ ಯಾರೂ ನಂಬರ್ ಕೊಡಲ್ಲ ಸ್ವಾಮಿ. ಬಾಂಬ್ ಹಾಕೋನು ಇವ್ನು ಗುದ್ದಲಿಯವ್ನು ಅಂತ ಬಿಟ್ಬುಡ್ತಾನಾ?"

ಗುಮಾಸ್ತ ತಲೆ ಎತ್ತದೆ ನಂಬರು ತಾಳೆ ನೋಡಿ ಅರ್ಜಿಗೆ ಸೀಲು ಒತ್ತಿದ. ಸೈನಿಕನ ಪಿಂಚಣಿಗೆ 15 ವರ್ಷ ಸೇವೆ ಆಗಿರಬೇಕು, ಯುದ್ಧ ಮುಗಿದ ಮೇಲೆ ಇವರನ್ನೆಲ್ಲ ಮನೆಗೆ ಕಳಿಸಿದ್ದರಿಂದ ಸಿಗೋದು ಈ ಸಹಾಯಧನ ಒಂದೇ ಅಂತ ಆಮೇಲೆ ವಿವರಿಸಿದ. ಆ ನಿಯಮಕ್ಕೇನೋ ಒಂದು ಲೆಕ್ಕ ಇರಬಹುದು, ನನಗಂತೂ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಹಣ ಬರೋಕೆ ತುಂಬಾ ತಿಂಗಳು ಹಿಡಿಯಿತು. ಅಜ್ಜಿಗೆ ಅದರ ಮೇಲೆ ನಂಬಿಕೆಯೇ ಇರಲಿಲ್ಲ. "ಸರ್ಕಾರದ ದುಡ್ಡು, ಯಾವಾಗ ಬೇಕಾದ್ರೂ ನಿಲ್ಸ್ತಾರೆ" ಅಂತ ಹೇಳಿ, ಕೈಕಾಲು ಆಡುವವರೆಗೂ ತಾತನನ್ನು ಕೂಲಿ ಬಿಡೋಕೆ ಬಿಡಲಿಲ್ಲ.